ಬೀಗರ ಪಟ

ಗೋಡೆಗೆ ಯಾವ ಪಟ ಹಾಕಬೇಕು, ಯಾವುದನ್ನು ಹಾಕಬಾರದು ಎಂಬುದರಲ್ಲಿ ರುದ್ರವ್ವನದೇ ಕೊನೆಯ ಮಾತು. ಮುಳುಗುವ ಸೂರ್ಯ ಬೇಡ, ಮನೆಯ ಏಳಿಗೆಯೂ ಮುಳುಗುತ್ತದೆ. ಅಳುವ ಕೂಸು ಎಷ್ಟು ಮುದ್ದಾಗಿದ್ದರೂ ಬೇಡ. ಒಂಟಿ ಹಕ್ಕಿಯನ್ನು ತೂಗುಹಾಕಿದರೆ ಮಗಳಿಗೆ ವರ ಸಿಗುವುದು ತಡ. ಯುದ್ಧದ ಪಟ ಹಾಕಿದರೆ ಅತ್ತೆ ಸೊಸೆ ಕಾದಾಡುತ್ತಾರೆ; ಹಾಕದಿದ್ದರೂ ಕಾದಾಡುತ್ತಾರೆ, ಆದರೆ ಆಗ ತಪ್ಪು ಅಂಗಡಿಯದಲ್ಲ. ಇನ್ನು ಸಾವಿನ ಚಿತ್ರವಂತೂ ಹೊಸ್ತಿಲು ದಾಟಿ ಒಳಗೆ ಬರಲೇಕೂಡದು. ಪುಣೆಯ ಕೋಥರೂಡದ ಮರಾಠಿ ಹೆಂಗಸರು ಹೊಸ ಫ್ಲ್ಯಾಟಿಗೆ ಪಟ ಕೊಳ್ಳಲು ಬಂದರೆ ಮೊದಲು ರುದ್ರವ್ವ ಮಾವಶಿ ಇದ್ದಾಳೋ ಎಂದು ಇಣುಕುತ್ತಿದ್ದರು, ಇಲ್ಲದಿದ್ದರೆ ನಾಳೆ ಬರುತ್ತೇವೆ ಎಂದು ಹೊರಟುಬಿಡುತ್ತಿದ್ದರು. ಅಂಗಡಿಯ ಯಜಮಾನ, ಅವಳ ಗಂಡ ಮುರುಗೆಪ್ಪ, ತುಟಿಯಲ್ಲಿ ಸಣ್ಣ ಮೊಳೆ ಕಚ್ಚಿಕೊಂಡು ಅಲ್ಲೇ ಕೂತಿರುತ್ತಿದ್ದ. ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಇಬ್ಬರೂ ಇಂಡಿ ಕಡೆಯವರು. ಮುರುಗೆಪ್ಪ ಮೊದಲು ಹಳೆ ಪುಣೆಯ ಪೇಟೆಯೊಂದರಲ್ಲಿ ಪಟಗಳಿಗೆ ಮರದ ಕಟ್ಟು ಹಾಕುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ತೊಂಬತ್ತೊಂದರಲ್ಲಿ ಕೋಥರೂಡದಲ್ಲಿ ತನ್ನದೇ ಒಂದು ಗಾಳಾ, ಅಂದರೆ ಮಳಿಗೆ, ಹಿಡಿದ. ಆಗ ಅಲ್ಲಿ ಎಲ್ಲಿ ನೋಡಿದರೂ ಫ್ಲ್ಯಾಟುಗಳ ಸೊಸೈಟಿಗಳು ಏಳುತ್ತಿದ್ದವು. ಹೊಸ ಮನೆ ಎಂದಮೇಲೆ ಬಾಗಿಲ ಮೇಲೆ ಗಣಪತಿ ಬೇಕು, ದೇವರ ಗೂಡಿಗೆ ಲಕ್ಷ್ಮಿ ಬೇಕು, ತೀರಿಹೋದ ಅಜ್ಜನಿಗೊಂದು ಕಟ್ಟು ಬೇಕು. ಕೈಕೆಲಸ ಮುರುಗೆಪ್ಪನದು, ಬಾಯಿಕೆಲಸ ರುದ್ರವ್ವನದು. ಅಂಗಡಿ ನಡೆದದ್ದು ಎರಡನೆಯದರಿಂದಲೇ ಎಂದು ರುದ್ರವ್ವನ ನಂಬಿಕೆ, ಅದನ್ನು ಮುರುಗೆಪ್ಪ ಯಾವತ್ತೂ ಅಲ್ಲಗಳೆದವನಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮಾತೇ ಆಡದವನಿಗೆ ಜಗಳ ಇನ್ನೂ ಕಡಿಮೆ.

ಅಂಥವನು ಒಮ್ಮೆ ಹೆಂಡತಿಯನ್ನು ಕೇಳದೆ ಒಂದು ವ್ಯಾಪಾರ ಮಾಡಿಬಿಟ್ಟ. ನೆಂಟರ ಮನೆಯ ಕೆಲಸಕ್ಕೆಂದು ಬಸವಕಲ್ಯಾಣಕ್ಕೆ ಹೋದವನು, ಅಲ್ಲಿ ಮುಚ್ಚುತ್ತಿದ್ದ ಒಂದು ಹಳೇ ಛಾಪಖಾನೆಯಿಂದ ಬಣ್ಣದ ಪಟಗಳ ದೊಡ್ಡ ಹೊರೆಯನ್ನೇ ಹೊತ್ತು ತಂದ. ಎಲ್ಲವೂ ಒಂದೇ ಚಿತ್ರ. ಛಾಪು ಸೊಗಸಾಗಿತ್ತು, ಕಾಗದ ಗಟ್ಟಿಯಾಗಿತ್ತು. ರುದ್ರವ್ವ ಒಂದನ್ನು ಬಿಡಿಸಿ ನೋಡಿದಳು, ನೋಡಿ ಹಣೆ ಚಚ್ಚಿಕೊಂಡಳು.

ಚಿತ್ರ ಶರಣ ಹರಳಯ್ಯ ಮತ್ತು ಮಧುವರಸರ ಕೊನೆಯ ಗಳಿಗೆಯದು. ಕತೆ ಆ ಕಡೆಯವರಿಗೆಲ್ಲ ಗೊತ್ತಿದ್ದದ್ದೇ. ಎಂಟುನೂರು ವರ್ಷದ ಹಿಂದೆ ಕಲ್ಯಾಣದಲ್ಲಿ ಕಾಲ್ಮರಿ, ಅಂದರೆ ಚಪ್ಪಲಿ, ಹೊಲಿಯುವ ಹರಳಯ್ಯ, ಬ್ರಾಹ್ಮಣ ಮನೆತನದ ಮಧುವರಸ ಇಬ್ಬರೂ ಶರಣರಾದರು. ಶರಣರಲ್ಲಿ ಕುಲವೆಲ್ಲಿಯದು ಎಂದು ಮಧುವರಸ ತನ್ನ ಮಗಳನ್ನು ಹರಳಯ್ಯನ ಮಗನಿಗೆ ಧಾರೆ ಎರೆದು ಕೊಟ್ಟ. ಊರ ದೊಡ್ಡವರು ರಾಜನಲ್ಲಿಗೆ ಓಡಿದರು. ರಾಜ ಇಬ್ಬರು ಬೀಗರನ್ನೂ ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿ ಕೊಲ್ಲಿಸಿದ. ಪಟದ ಕೆಳಗಿನ ಅರ್ಧದಲ್ಲಿ ಅದೇ ಇತ್ತು: ಆನೆಯ ದಪ್ಪ ಕಾಲುಗಳು, ಹಗ್ಗ, ಆ ಹಗ್ಗದಲ್ಲಿ ಬಿಗಿದ ನಾಲ್ಕು ಬರಿಗಾಲು. ಮೇಲಿನ ಅರ್ಧದಲ್ಲಿ ಕಲ್ಯಾಣದ ಆಕಾಶ, ಗೋಪುರ, ಮತ್ತು ಎದುರುಬದುರಾಗಿ ನಿಂತು ಒಬ್ಬರಿಗೊಬ್ಬರು ಕೈ ಮುಗಿದ ಇಬ್ಬರು ಹಿರಿಯರು.

ಶರಣರಾದರೇನು, ಸಾವು ಸಾವೇ, ಇದನ್ನು ಯಾರು ತಮ್ಮ ಪಡಸಾಲೆಯಲ್ಲಿ ತೂಗುಹಾಕುತ್ತಾರೆ ಎಂದು ರುದ್ರವ್ವ ಎರಡು ದಿನ ಗೊಣಗಿದಳು. ಪಟಗಳು ಅಟ್ಟ ಸೇರಿದವು.

ಅವು ಇಳಿದದ್ದು ಬ್ಯಾಂಕಿನ ಒಬ್ಬ ಗುಮಾಸ್ತನ ದೆಸೆಯಿಂದ. ಬಿಜಾಪುರದ ಕಡೆಯವನು. ತಮ್ಮನ ಮದುವೆಗೆ ಏನಾದರೂ ಕೊಡಬೇಕು, ಗಣಪತಿ ಬೇಡ, ಗಡಿಯಾರ ಬೇಡ, ಅವು ಹತ್ತೆಂಟು ಬರುತ್ತವೆ, ನಮ್ಮ ಕಡೆಯದೇ ಆದದ್ದು ಬೇಕು ಎಂದು ಹಟ ಹಿಡಿದ. ರುದ್ರವ್ವನಿಗೆ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿ ಗೊತ್ತಿಲ್ಲ. ಸಂಜೆ ಬಾ ಎಂದಳು. ಅಟ್ಟದಿಂದ ಒಂದು ಪಟ ಇಳಿಸಿ, ಕೆಳಗಿನ ಅರ್ಧ ಕತ್ತರಿಸಿ ಬಿಸಾಡು ಎಂದು ಗಂಡನಿಗೆ ಹೇಳಿದಳು. ಮುರುಗೆಪ್ಪ ಬಾಯಿಂದ ಮೊಳೆ ತೆಗೆದ.

"ಶರಣರ ಮೈಗೆ ನಾ ಕತ್ತರಿ ಹಚ್ಚಂಗಿಲ್ಲ," ಎಂದ.

ಅವನು ಇಷ್ಟು ಹೇಳಿದ್ದೇ ಹೆಚ್ಚು. ರುದ್ರವ್ವ ಕತ್ತರಿ ಬಿಟ್ಟಳು, ಬುದ್ಧಿ ಓಡಿಸಿದಳು. ದಪ್ಪ ರಟ್ಟಿಗೆ ಕೆಂಪು ಮಖಮಲ್ ಅಂಟಿಸಿ, ಮೇಲ್ಭಾಗದಲ್ಲಿ ಕಿಟಕಿ ಕೊರೆದು, ಪಟದ ಮೇಲೆ ಕೂರಿಸಿದಳು. ಕಿಟಕಿಯಲ್ಲಿ ಇಬ್ಬರು ಹಿರಿಯರು ಎದೆಯ ತನಕ ಕಂಡರು, ಕೈ ಮುಗಿದು ನಗುನಗುತ್ತಾ ನಿಂತಂತೆ. ಆನೆ, ಹಗ್ಗ, ಕಾಲು ಎಲ್ಲ ಮಖಮಲ್ಲಿನ ಅಡಿಗೆ ಹೋದವು. ಕೆಳಗೆ ಅಷ್ಟಗಲ ಬರಿ ಕೆಂಪು ಉಳಿಯಿತು. ಅಲ್ಲಿಗೆ ಆಗ ಶಾಲೆಗೆ ಹೋಗುತ್ತಿದ್ದ ಮಗಳು ದೀಪಾಲಿ ಬಂಗಾರ ಬಣ್ಣದ ಕಾಗದದಲ್ಲಿ 'ಶುಭವಿವಾಹ' ಎಂದು ಕತ್ತರಿಸಿ ಅಂಟಿಸಿದಳು. ಅಕ್ಷರ ಸರಿಯಾಗಿ ಆನೆಯ ಕಾಲಿನ ಮೇಲೇ ಕೂತವು.

ಇವರು ಯಾರು ಎಂದು ಗುಮಾಸ್ತ ಕೇಳಿದ. ಬೀಗರು ಎಂದಳು ರುದ್ರವ್ವ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮುಂದಿನದನ್ನು ಅವಳೂ ಎಣಿಸಿರಲಿಲ್ಲ. ಆ ಮದುವೆಯಲ್ಲಿ ಪಟ ನೋಡಿದವರು ಅಂಗಡಿ ಹುಡುಕಿಕೊಂಡು ಬಂದರು. ಪುಣೆಯ ಕನ್ನಡದ ಮಂದಿಯಲ್ಲಿ ಅದಕ್ಕೆ 'ಬೀಗರ ಪಟ' ಎಂಬ ಹೆಸರೇ ಬಿತ್ತು. ಮೂರು ನಾಲ್ಕು ವರ್ಷದಲ್ಲಿ ಅದೊಂದು ಪದ್ಧತಿಯೇ ಆಗಿಹೋಯಿತು. ಅಕ್ಷತೆ ಬಿದ್ದಮೇಲೆ ಹೆಣ್ಣಿನ ಅಪ್ಪ, ಗಂಡಿನ ಅಪ್ಪ ಪಟದ ಅಕ್ಕಪಕ್ಕ ನಿಂತು, ಪಟದವರ ಹಾಗೆಯೇ ಕೈ ಮುಗಿದು ಫೋಟೋ ತೆಗೆಸಿಕೊಳ್ಳಬೇಕು. ಇದು ನಮ್ಮ ಅಜ್ಜನ ಕಾಲದಿಂದ ನಡೆದುಬಂದದ್ದು ಎಂದು ಹೇಳುವವರೂ ಹುಟ್ಟಿಕೊಂಡರು. ರುದ್ರವ್ವ ಕೇಳಿಯೂ ಕೇಳದಂತೆ ಕೂತಳು. ಅರ್ಧ ಮುಚ್ಚಿ ಮಾರುವುದು ಒಳ್ಳೆಯದಲ್ಲ ಎಂದು ಮುರುಗೆಪ್ಪ ವರ್ಷಕ್ಕೊಮ್ಮೆಯಾದರೂ ಅನ್ನುತ್ತಿದ್ದ. ಮದುಮಗಳಿಗೆ ಯಾರಾದರೂ ಸಂಸಾರದ ಕೆಳಗಿನ ಅರ್ಧ ತೋರಿಸುತ್ತಾರೇನು ಎಂದು ಅವಳು ಅವನ ಬಾಯಿ ಮುಚ್ಚಿಸುತ್ತಿದ್ದಳು.

ಹೀಗೆ ಹತ್ತು ವರ್ಷ ಕಳೆಯಿತು. ದೀಪಾಲಿ ಬಿ.ಕಾಂ. ಮುಗಿಸಿ ವಿಮಾನ ನಗರದ ಒಂದು ಆಫೀಸಿನಲ್ಲಿ ಲೆಕ್ಕದ ಕೆಲಸಕ್ಕೆ ಸೇರಿದಳು. ಎರಡು ಬಸ್ಸು ಬದಲಿಸಿ ಹೋಗಿಬರುವ ಹುಡುಗಿ ಒಂದು ದಿನ ಊಟದ ತಾಟಿನ ಮುಂದೆ ಕೂತು, ಆಫೀಸಿನಲ್ಲಿ ಪ್ರೇಮಕುಮಾರ ಎಂಬ ಹುಡುಗನಿದ್ದಾನೆ, ಮದುವೆಯಾದರೆ ಅವನನ್ನೇ ಎಂದಳು. ಕನ್ನಡದವನೇ, ಬಸವಕಲ್ಯಾಣದ ಕಡೆಯವನು. ರುದ್ರವ್ವನ ಮುಖ ಅರಳಿತು. ಯಾರ ಪೈಕಿ ಎಂದು ಕೇಳಿದಳು. ದೀಪಾಲಿ ಅವ್ವನ ಕಣ್ಣಲ್ಲಿ ಕಣ್ಣಿಟ್ಟು, ಹರಳಯ್ಯನ ಪೈಕಿ ಎಂದಳು. ಹುಡುಗನ ಅಪ್ಪ ಅವ್ವಣ್ಣ ಊರಿಂದ ಬಂದು ಮೊದಲು ಕಟ್ಟಡಗಳಲ್ಲಿ ಉಸುಕು ಹೊತ್ತಿದ್ದ. ಈಗ ಮನೆತನದ ಕಸುಬಿಗೇ ಮರಳಿ, ವಿಮಾನ ನಗರದ ಹಿಂದಿನ ಗಲ್ಲಿಯಲ್ಲಿ ಚಪ್ಪಲಿ ಹೊಲಿಯುವ ಸಣ್ಣ ಕಾರ್ಖಾನೆ ಇಟ್ಟಿದ್ದ.

ರುದ್ರವ್ವ ಕೆಟ್ಟವಳಲ್ಲ, ಅದನ್ನು ಇಲ್ಲೇ ಹೇಳಿಬಿಡಬೇಕು. ಅಂಗಡಿಗೆ ಯಾರೇ ಬರಲಿ ಅದೇ ಚಹಾ, ಅದೇ ಬಟ್ಟಲು. ಆದರೆ ಮಗಳನ್ನು ಕೊಡುವ ಮಾತು ಬಂದಾಗ ಅವಳ ಕಣ್ಣ ಮುಂದೆ ಬಂದದ್ದು ಹುಡುಗನ ಮುಖವಲ್ಲ, ಇಂಡಿಯಿಂದ ಪುಣೆಯತನಕ ಹರಡಿದ್ದ ನೆಂಟರ ಮುಖಗಳು. ನಾಳೆ ಒಬ್ಬರೂ ಮನೆಗೆ ಬರಲಿಕ್ಕಿಲ್ಲ, ಅಂಗಡಿಗೂ ಬರಲಿಕ್ಕಿಲ್ಲ ಎಂದು ಅವಳು ಹೆದರಿದಳು. ಬೇಡ ಎಂದು ಬಾಯಿ ಬಿಟ್ಟು ಹೇಳಿದರೆ ಮಗಳು ಜನ್ಮಪೂರ್ತಿ ಮರೆಯುವುದಿಲ್ಲ. ಹೂಂ ಅನ್ನಲು ಧೈರ್ಯವಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು.

ಕೊನೆಗೆ ಉಪಾಯ ಹೊಳೆಯಿತು. ಹುಡುಗನ ಕಡೆಯವರು ಒಂದು ಭಾನುವಾರ ಬಂದು ಹೋಗಲಿ ಎಂದಳು. ದೀಪಾಲಿ ಹಿಗ್ಗಿ ಅವ್ವನನ್ನು ತಬ್ಬಿಕೊಂಡಳು. ಅದೇ ಭಾನುವಾರಕ್ಕೆ ರುದ್ರವ್ವ ಭುಜಂಗನನ್ನೂ ಕರೆಸಿದಳು. ಭುಜಂಗ ಮುರುಗೆಪ್ಪನ ದೊಡ್ಡಪ್ಪನ ಮಗ, ಸರ್ಕಾರಿ ಕಚೇರಿಯಿಂದ ನಿವೃತ್ತನಾದವನು. ಪುಣೆಯಲ್ಲಿದ್ದ ಅವರ ಮಂದಿಯಲ್ಲಿ ಯಾವ ಸಂಬಂಧವೂ ಅವನ ಮೂಗಿನ ಕೆಳಗಿಂದಲೇ ಹಾದುಹೋಗಬೇಕು. ಬೇಡ ಎನ್ನುವ ಕೆಲಸ ಅವನದು. ತಾನು ಸೆರಗು ಕಣ್ಣಿಗೆ ಒತ್ತಿಕೊಂಡರೆ ಸಾಕು ಎಂದು ಲೆಕ್ಕ ಹಾಕಿದ್ದಳು.

ಬಂದವರು ಮೂವರು. ಇಸ್ತ್ರಿ ಅಂಗಿಯ ಪ್ರೇಮಕುಮಾರ, ಹೆಗಲ ಮೇಲೆ ಟವೆಲ್ ಇಟ್ಟುಕೊಂಡ ಅವ್ವಣ್ಣ, ಅವನ ಹೆಂಡತಿ ಶರಣಮ್ಮ. ಶರಣಮ್ಮನ ಕಂಕುಳಲ್ಲಿ ಹಳೆ ಸೀರೆಯಲ್ಲಿ ಸುತ್ತಿದ ಅಗಲವಾದ ಗಂಟು. ಚಹಾ ಆಯಿತು, ಮಳೆಯ ಮಾತಾಯಿತು, ಹದಗೆಟ್ಟ ರಸ್ತೆಯ ಮಾತೂ ಆಯಿತು. ಭುಜಂಗ ಕಾಲ ಮೇಲೆ ಕಾಲು ಹಾಕಿ ಕೂತು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಶರಣಮ್ಮ, ಇಂಥ ಮಾತಿಗೆ ಬರುವಾಗ ಹಿರಿಯರನ್ನು ಬಿಟ್ಟು ಬರಬಾರದೆಂದು ಕರೆದುಕೊಂಡು ಬಂದೆ ಎಂದು ಸೀರೆ ಬಿಚ್ಚಿ ಪಟವನ್ನು ಗೋಡೆಗೆ ಆನಿಸಿ ನಿಲ್ಲಿಸಿದಳು.

ರುದ್ರವ್ವ ಬಗ್ಗಿ ನೋಡಿದಳು. ಕಟ್ಟು ಅವಳ ಅಂಗಡಿಯದೇ. ಮೂಲೆಯ ಜೋಡಣೆ ಮುರುಗೆಪ್ಪನ ಕೈಯದು. ಮಖಮಲ್ ಮಾತ್ರ ಇರಲಿಲ್ಲ. ಆನೆಯ ಕಾಲು, ಹಗ್ಗ, ಆ ನಾಲ್ಕು ಬರಿಗಾಲು ಎಲ್ಲ ಬೆಳಕಿನಲ್ಲಿ ನಿಚ್ಚಳವಾಗಿ ಕಾಣುತ್ತಿದ್ದವು.

ಭುಜಂಗ ಎದ್ದೇ ನಿಂತ. ಅವನಿಗೆ ಇದಕ್ಕಿಂತ ಸುಲಭದ ದಾರಿ ಬೇಕಿರಲಿಲ್ಲ. ಮದುವೆಯ ಮಾತಿಗೆ ಬರುವಾಗ ಸಾವಿನ ಪಟ ಹಿಡಿದು ಬಂದವರ ಮನೆಗೆ ಹೆಣ್ಣು ಕೊಡುವುದು ಹೇಗೆ, ಇದಕ್ಕಿಂತ ಅಪಶಕುನ ಉಂಟೇ ಎಂದ. ಪ್ರೇಮಕುಮಾರನ ಮುಖ ಕೆಂಪಾಯಿತು. ಅವ್ವಣ್ಣ ಟವೆಲ್ ಸರಿಮಾಡಿಕೊಂಡು ಏಳಲು ಹೊರಟ. ಶರಣಮ್ಮ ಮಾತ್ರ ಕೂತಲ್ಲಿಂದ ಕದಲಲಿಲ್ಲ.

"ಇದು ಬೀಗರ ಪಟ ರೀ ಅಣ್ಣಾರ," ಎಂದಳು ಮೆಲ್ಲಗೆ. "ನಿಮ್ಮ ಮಂದಿ ಮನಿಮನ್ಯಾಗ ಅದ ಅಲ್ರೀ, ಅದಽ ಇದು."

ಅವಳು ನಡೆದದ್ದನ್ನು ಹೇಳಿದಳು. ಗಂಡ ಕೋಥರೂಡದಲ್ಲಿ ಕಟ್ಟಡದ ಕೆಲಸಕ್ಕಿದ್ದ ವರ್ಷ. ಯಾರೋ ಮನೆ ಬದಲಿಸುವಾಗ ಗಾಜು ಒಡೆದ ಪಟ ಇಟ್ಟುಕೊಳ್ಳಬಾರದೆಂದು ಅದನ್ನು ಅರಳಿಮರದ ಬುಡಕ್ಕೆ ಇಟ್ಟು ಹೋಗಿದ್ದರು. ಅವಳು ಕೆಲಸಕ್ಕೆ ಬುತ್ತಿ ಒಯ್ಯುವಾಗ ನೋಡಿದಳು. ಅವಳೂರಿನ ಗುಡಿಯಲ್ಲಿ ಇದೇ ಛಾಪಿನ ಪಟವಿತ್ತು, ಮುಖ ನೋಡಿದ ಕೂಡಲೇ ಗುರುತು ಹತ್ತಿತು. ಮನೆಗೆ ತಂದು ಒರೆಸಿ ನಿಲ್ಲಿಸಿದಳು, ಆದರೆ ಕೈ ಮುಗಿಯಲು ಹೋದರೆ ಪಾದವೇ ಇಲ್ಲ. ಅವರ ಮನೆತನದಲ್ಲಿ ದೇವರದ್ದಾಗಲಿ ಹಿರಿಯರದ್ದಾಗಲಿ ಮೊದಲು ನೋಡುವುದು ಪಾದ, ಆಮೇಲೆ ಮುಖ. ಪಾದ ಕಾಣದ ಪಟಕ್ಕೆ ತಲೆಬಾಗುವುದು ಎಲ್ಲಿಗೆ? ಹೊಸ ಗಾಜು ಹಾಕಿಸುವ ನೆವದಲ್ಲಿ ಹಿಂದಿನ ಮೊಳೆ ಕಿತ್ತು ನೋಡಿದಳು. ಪಾದ ಅಲ್ಲೇ ಇತ್ತು, ಮಖಮಲ್ಲಿನ ಕೆಳಗೆ.

ಭುಜಂಗ ದೊಡ್ಡದಾಗಿ ನಕ್ಕ. ಬೀಗರ ಪಟ ಅವನ ಪಡಸಾಲೆಯಲ್ಲೂ ಇತ್ತು, ಮಗನ ಮದುವೆಯದು. ಹೊರಗೆ ಹೋಗುವ ಮುಂಚೆ ದಿನವೂ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಅದರಲ್ಲಿ ಆನೆ ಎಲ್ಲಿಂದ ಬರಬೇಕು?

"ರುದ್ರವ್ವ, ಅಂಗಡಿ ನಿಂದು. ನೀನಽ ಹೇಳು. ಇದು ಆ ಪಟ ಹೌದೋ ಅಲ್ಲೋ?"

ಅಲ್ಲ ಎಂದರೆ ಮುಗಿಯಿತು. ಒಂದೇ ಮಾತು. ಅಂಗಡಿಯ ಹೆಸರು ಉಳಿಯುತ್ತದೆ, ಸಂಬಂಧ ತಾನಾಗಿ ಮುರಿಯುತ್ತದೆ, ಮಗಳು ಬೈದರೂ ಶಕುನವನ್ನು ಬೈಯಬೇಕು. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಅವಳು ಬಯಸಿದ್ದೆಲ್ಲ ತಾಟಿನಲ್ಲಿ ಬಡಿಸಿಟ್ಟಂತೆ ಮುಂದಿತ್ತು. ಅಡುಗೆಮನೆಯ ಬಾಗಿಲಲ್ಲಿ ದೀಪಾಲಿ ನಿಂತಿದ್ದಳು. ಆನೆಯ ಕಾಲಿನ ಮೇಲೆ ಬಂಗಾರದ ಅಕ್ಷರ ಅಂಟಿಸಿದ ಹುಡುಗಿ, ಅವಳಿಗೆ ಗೊತ್ತಿಲ್ಲದ್ದು ಏನಿದೆ? ಆದರೂ ಹೇಳುವುದನ್ನು ಅವ್ವನಿಗೇ ಬಿಟ್ಟಿದ್ದಳು. ಅವ್ವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಸಿಟ್ಟಿದ್ದರೆ ರುದ್ರವ್ವ ತಾಳಿಕೊಳ್ಳುತ್ತಿದ್ದಳು.

ಮುರುಗೆಪ್ಪ ಏನೋ ಹೇಳಲು ಬಾಯಿ ತೆರೆದ. ಅವಳು ಕೈ ಎತ್ತಿ ತಡೆದಳು. ಪಟದ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಈ ಎರಡು ಮುಖಗಳನ್ನು ಅವಳು ಎಷ್ಟು ಸಲ ಕಿಟಕಿಯೊಳಗೆ ಕೂರಿಸಿದ್ದಾಳೋ ಲೆಕ್ಕವಿಲ್ಲ, ಅವು ನಗುತ್ತಿವೆ ಎಂದೇ ತಿಳಿದಿದ್ದಳು. ಈಗ ಕಾಲಿನ ಹಗ್ಗ ನೋಡಿ ಮುಖ ನೋಡಿದರೆ, ಮುಖ ಈಗಲೂ ಹಾಗೆಯೇ ಇತ್ತು. ಅದು ಅವಳನ್ನು ಕಲಕಿತು. ಮಖಮಲ್ ಹಾಕಿ ತಾನು ತಂದ ಶಾಂತಿ ಅದು ಎಂದುಕೊಂಡಿದ್ದಳು. ಅದು ಅವರದೇ ಆಗಿತ್ತು.

"ಆನಿ ಎಳೀಲಿಕ್ಕೆ ಹತ್ತೇದ," ಎಂದಳು ಶರಣಮ್ಮನ ಕಡೆ ತಿರುಗದೆ. "ಇವರು ಅದರ ಕಡೆ ಯಾಕ ನೋಡವಲ್ರು?"

"ನಮ್ಮ ಅತ್ತಿ ಹೇಳತಿದ್ರು ರೀ ಅಕ್ಕಾ. ಆನಿ ನೋಡಿದ್ರ ಅಂಜಿಕಿ ಬರತದ. ಬೀಗರ ಮಾರಿ ನೋಡಿದ್ರ ಬರಂಗಿಲ್ಲ."

ರುದ್ರವ್ವನಿಗೆ ಹೆದರಿಕೆ ಹೋಗಿರಲಿಲ್ಲ. ಆದರೆ ಇಷ್ಟು ದಿನ ತಾನು ನೋಡುತ್ತಿದ್ದದ್ದು ಬರೀ ಆನೆಯನ್ನು, ಬಂದು ಕೂತ ಮನುಷ್ಯರನ್ನಲ್ಲ ಎಂದು ಹೊಳೆದು ಅವಳಿಗೆ ನಾಚಿಕೆಯಾಯಿತು. ಎದ್ದು ಭುಜಂಗನ ಕಡೆ ತಿರುಗಿದಳು.

"ಇದು ಅದಽ ಪಟ, ಭಾವ. ನಿಮ್ಮ ಮನ್ಯಾಗ ಇರೂದೂ ಇದಽ. ಆನಿ ಮುಚ್ಚಿದಾಕಿ ನಾನು."

ಭುಜಂಗ ಚಹಾದ ಬಟ್ಟಲು ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅವಸರದಲ್ಲಿ ಅವ್ವಣ್ಣನ ಚಪ್ಪಲಿ ಮೆಟ್ಟಿ ಹೋಗಿದ್ದ. ಅವು ಅವ್ವಣ್ಣನೇ ಹೊಲಿದವು, ಹೊಸವು. ಭುಜಂಗ ಯಾವತ್ತೂ ಅವನ್ನು ಹಿಂದಿರುಗಿಸಲಿಲ್ಲ. ಬಹಳ ಹಿತವಾಗಿದ್ದವು ಎಂದು ಕಾಣುತ್ತದೆ.

ಸುದ್ದಿ ಊರು ಸುತ್ತಲು ಎಷ್ಟು ಹೊತ್ತು? ಮರುದಿನದಿಂದಲೇ ಮಂದಿ ಪಟ ಬಗಲಲ್ಲಿ ಹಿಡಿದು ಅಂಗಡಿಗೆ ಬರತೊಡಗಿದರು. ಕೆಲವರು ಬೈದರು, ನಮ್ಮ ಸೊಸೆಗೆ ಇನ್ನೂ ಮಕ್ಕಳಾಗದ್ದು ಇದಕ್ಕೇ ಎಂದರು. ರುದ್ರವ್ವ ಎದುರಾಡಲಿಲ್ಲ; ಅವಳು ಎದುರಾಡದೆ ಕೂತದ್ದನ್ನು ಕೋಥರೂಡ ಅದೇ ಮೊದಲು ಕಂಡದ್ದು. ಒಬ್ಬೊಬ್ಬರ ಮುಂದೆಯೂ ಇಕ್ಕಳ ಹಿಡಿದು ಮೊಳೆ ಕಿತ್ತು, ಮಖಮಲ್ ತೆಗೆದು, ಪಟ ಪೂರ್ತಿ ತೋರಿಸಿ ಕತೆ ಹೇಳಿದಳು. ಬೇಡವಾದವರಿಗೆ ಬದಲಿಗೆ ಗಣಪತಿ ಕೊಟ್ಟಳು. ಬೇಕೆಂದವರಿಗೆ ಪೂರ್ತಿ ಪಟಕ್ಕೆ ಹೊಸ ಗಾಜು ಹಾಕಿಕೊಟ್ಟಳು. ಮೊದಲ ವಾರ ಗಣಪತಿಯೇ ಹೆಚ್ಚು ಹೋದ. ಆಮೇಲೆ ಆಮೇಲೆ, ಕತೆ ಕೇಳಿ ಕೂತವರು ಪಟವನ್ನೇ ಹಿಡಿದು ಎದ್ದರು. ಆ ಮೊದಲ ಗುಮಾಸ್ತನ ತಮ್ಮ, ಹೆಂಡತಿಯೊಂದಿಗೆ ಬಂದವನು, ಹತ್ತು ವರ್ಷ ಇವರ ಕೆಳಗೆ ಜಗಳಾಡಿಕೊಂಡು ಸುಖವಾಗಿದ್ದೇವೆ, ಇದ್ದದ್ದನ್ನು ಇದ್ದ ಹಾಗೇ ಬಿಡಿ ಎಂದು ಮಖಮಲ್ ಮುಟ್ಟಗೊಡದೆ ಒಯ್ದ. ಭುಜಂಗನ ಮನೆಯ ಪಟ ಮಾತ್ರ ಬರಲಿಲ್ಲ. ಅವನು ಹಿಂದಿರುಗಿಸಲು ಹೊರಟಿದ್ದನಂತೆ, ಇದು ನನ್ನ ಮದುವೆಯ ಪಟ ಎಂದು ಸೊಸೆ ಕಸಿದುಕೊಂಡು ತಾನೇ ಮಖಮಲ್ ಕಿತ್ತು ಮತ್ತೆ ತೂಗುಹಾಕಿದಳಂತೆ.

ಮದುವೆ ಮಾಘಮಾಸದಲ್ಲಿ, ಕೋಥರೂಡದ ಒಂದು ಸಣ್ಣ ಮಂಗಲ ಕಾರ್ಯಾಲಯದಲ್ಲಿ. ಇಂಡಿಯಿಂದ ಬಂದವರು ಕಡಿಮೆ, ಆದರೆ ಯಾರೂ ಬರಲಿಕ್ಕಿಲ್ಲ ಎಂದು ಹೆದರಿದ್ದಷ್ಟು ಕಡಿಮೆಯಲ್ಲ. ಭುಜಂಗ ಸೊಸೆಯ ಹಿಂದೆ ಹಿಂದೆ ಬಂದು ಕೊನೆಯ ಸಾಲಿನಲ್ಲಿ ಕೂತ. ಬಂದವರಲ್ಲಿ ಅರ್ಧ ಜನ ಅಕ್ಷತೆ ಹಾಕಲು ಬಂದವರಲ್ಲ, ಒಂದು ಸಂಗತಿ ನೋಡಲು ಬಂದವರು. ರುದ್ರವ್ವನ ಕಡೆಯವರ ಪದ್ಧತಿಯಲ್ಲಿ ಹೆಣ್ಣಿನ ತಾಯಿ ತಂದೆ ಮದುಮಗನ ಕಾಲು ತೊಳೆಯಬೇಕು. ರುದ್ರವ್ವ ಚಪ್ಪಲಿ ಹೊಲಿಯುವವರ ಮನೆಯ ಹುಡುಗನ ಕಾಲು ಮುಟ್ಟುತ್ತಾಳೋ ಇಲ್ಲವೋ ಎಂದು ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿದ್ದರು.

ಅವ್ವಣ್ಣನಿಗೂ ಅದು ತಿಳಿದಿತ್ತು. ಅವನು ಜನ್ಮದಲ್ಲಿ ಇಂಥ ಕಣ್ಣುಗಳನ್ನು ಬಹಳ ನೋಡಿದವನು. ಕಾಲು ತೊಳೆಯುವ ಅಗಲ ಹಿತ್ತಾಳೆ ಪರಾತ, ನೀರಿನ ತಂಬಿಗೆ ಬಂದು ಮುಂದೆ ಕೂತದ್ದೇ ತಡ, ಅವನು ಬಗ್ಗಿ ರುದ್ರವ್ವನ ಕಿವಿಯಲ್ಲಿ ಹೇಳಿದ.

"ಬ್ಯಾಡ್ರಿ ಅಕ್ಕಾ. ನಾಕು ಮಂದಿ ನೋಡಾಕತ್ತಾರ. ಮ್ಯಾಲಿಂದ ಮ್ಯಾಲ ನೀರು ಹಾಕಿ ಬಿಡ್ರಿ, ಸಾಕು."

ರುದ್ರವ್ವ ತಲೆಯೆತ್ತಿ ಅವನ ಮುಖ ನೋಡಿದಳು. ಅವನು ಅವಳ ಮಾನ ಕಾಯಲು ತನ್ನ ಮಾನ ಬಿಡಲು ತಯಾರಾಗಿದ್ದ. ಅವಳ ಮಾತು ಕೊನೆಯ ಸಾಲಿನ ತನಕ ಕೇಳುವಂತೆಯೇ ಬಂತು.

"ಊರ ಮಂದಿ ಕಾಲಿನ ಕಾಳಜಿ ತಲಿತಲಾಂತರದಿಂದ ನೀವು ಮಾಡೀರಿ, ಬೀಗರಽ. ಒಂದು ದಿನ ನಿಮ್ಮ ಹುಡುಗನ ಕಾಲು ನಾ ತೊಳದ್ರ ಏನಾತು?"

ಅವ್ವಣ್ಣ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಮುರುಗೆಪ್ಪ ತಂಬಿಗೆ ಬಗ್ಗಿಸಿದ. ರುದ್ರವ್ವ ಪ್ರೇಮಕುಮಾರನ ಎರಡೂ ಪಾದಗಳನ್ನು ಪರಾತದಲ್ಲಿಟ್ಟು, ಬೆರಳ ಸಂದಿಯೂ ಬಿಡದಂತೆ ತಿಕ್ಕಿ ತೊಳೆದಳು. ಆಮೇಲೆ ಒರೆಸಲು ಇಟ್ಟಿದ್ದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಹೊಸ ಇಳಕಲ್ ಸೀರೆಯ ಸೆರಗಿನಿಂದ ಒರೆಸಿದಳು.